ಗಡಿಗೆ ನೀರಿಗೆ ಬದುಕಿದ ಗಿಡಗಳು

ಕೆರೆ ಏರಿಯ ಹೊಂಗೆ ಈ ಸಲ ಮೈತುಂಬ ಹೂ ಬಿಟ್ಟಿದೆ. ಅದಕ್ಕೇ ಆ ಗಿಡಗಳನ್ನು ಬದುಕಿಸಿದವರಿಗೆಲ್ಲ ಈ ಥ್ಯಾಂಕ್ಸ್. ಬಹಳ ತಡವಾಯಿತು, ಬೈಯಬೇಡಿ.

2019ರ ಮಳೆಗಾಲದಲ್ಲಿ ಆಳಂದ ರಸ್ತೆ ಕಡೆಯ ನಮ್ಮೂರ ಕೆರೆ ಸುತ್ತ ನಮ್ಮ ಸಂಘ ಬೇವು, ಹೊಂಗೆ, ಹುಣಸೆ ಸಸಿ ನೆಟ್ಟಿತ್ತು. ಬೇಸಿಗೆಗೆ ಟ್ಯಾಂಕರ್ ನೀರು ಒಂದು ಕಂಪನಿಯ ಸಿಎಸ್ಆರ್ ದುಡ್ಡಲ್ಲಿ, ಅಂದರೆ ಸಮಾಜದ ಕೆಲಸಕ್ಕೆ ಕಂಪನಿಗಳು ಲಾಭದಿಂದ ತೆಗೆದಿಡುವ ಹಣದಲ್ಲಿ, ಅಂತ ಮಾತಾಗಿತ್ತು. ಮಾರ್ಚ್ 2020ರಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. 23ನೇ ತಾರೀಖು ಕೇಂದ್ರ ಸರ್ಕಾರ ಕೊರೊನಾ ಖರ್ಚನ್ನೂ ಸಿಎಸ್ಆರ್ ಲೆಕ್ಕಕ್ಕೆ ಸೇರಿಸಿತು. ನಮ್ಮ ಟ್ಯಾಂಕರ್ ದುಡ್ಡು ಪಿಪಿಇ ಕಿಟ್‌ಗೆ ಹೋಯಿತು. ತಪ್ಪೆನ್ನಲು ಬಾಯಿ ಬರಲಿಲ್ಲ. ಆದರೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಯುಗಾದಿ ದಿನವೇ ಲಾಕ್‌ಡೌನ್ ಶುರು. ಸಂತೆ ಬಂದ್. ಬೇಸಿಗೆಗೆಂದು ಸುಟ್ಟಿಟ್ಟ ಗಡಿಗೆಗಳು ಕುಂಬಾರಣ್ಣನ ಅಂಗಳದಲ್ಲೇ ಉಳಿದವು. "ಸುಮ್ನೆ ಧೂಳ ತಿಂತಾವ, ಒಯ್ರಿ. ರೊಕ್ಕ ಆಮ್ಯಾಲೆ ನೋಡೋಣು" ಅಂದ. ಗಡಿಗೆ ತಳಕ್ಕೆ ಸಣ್ಣ ತೂತು ಕೊರೆದು, ಹಳೇ ಧೋತರದ ಚೂರನ್ನು ಬತ್ತಿ ಹೊಸೆದು ಸಿಕ್ಕಿಸಿ, ಗಿಡದ ಪಕ್ಕ ಕುತ್ತಿಗೆವರೆಗೆ ಹೂತೆವು. ಬಾಯಿಗೆ ಒಂದು ಪರಸಿ ಕಲ್ಲಿನ ಚೂರು ಮುಚ್ಚಳ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮೇಲೆ ಸುರಿದ ನೀರು ಎಲ್ಲಿಗೆ ಹೋಯಿತೋ ಗೊತ್ತಾಗಲ್ಲ. ಗಡಿಗೆ ನೀರು ಮಾತ್ರ ಹನಿಹನಿಯಾಗಿ ಬೇರಿನ ಹತ್ತಿರವೇ ಇಳಿಯಿತು.

ಅದನ್ನು ತುಂಬಿಸಿದವರು ಮುಂಬೈ, ಪುಣೆಯಿಂದ ಬರಿಗೈಲಿ ಬಂದ ನಮ್ಮೂರ ಹುಡುಗರು. ಶಾಲೆಯಲ್ಲಿ ಕ್ವಾರಂಟೈನ್ ಮುಗಿಸಿ, ಹಗಲು ಉದ್ಯೋಗ ಖಾತ್ರಿಯ 275 ರೂಪಾಯಿ ಕೂಲಿಗೆ ಹೂಳು ಎತ್ತಿ, ಸಂಜೆ ಪುಕ್ಕಟೆ ನೀರು ಹೊತ್ತರು. ಮಾಸ್ಕ್ ಜಾಸ್ತಿ ಹೊತ್ತು ಗದ್ದದ ಕೆಳಗೇ ಇರುತ್ತಿತ್ತು, ಅದು ಬೇರೆ ಮಾತು! ಹುಣಸೆ ಬಹಳ ಹೋದವು. ಮೇಕೆ ತಿಂದದ್ದು ಎಷ್ಟೋ. ಅರ್ಧಕ್ಕಿಂತ ಜಾಸ್ತಿ ಉಳಿದವು.

ಕಂಪನಿಯ ಲೆಕ್ಕ ವಿಭಾಗದ ಆ ಮೇಡಂಗೂ ನಮಸ್ಕಾರ. 2021ರಲ್ಲಿ ಸಿಎಸ್ಆರ್ ನಿಯಮ ಬದಲಾಗಿ, ನಡೆಯುತ್ತಿರುವ ಯೋಜನೆಯ ಉಳಿಕೆ ಹಣವನ್ನು ಬೇರೆ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಖರ್ಚು ಮಾಡುವ ದಾರಿಯಾಯಿತು. ಆ ದಾರಿಯಲ್ಲಿ ನಮ್ಮ ಗಿಡಗಳಿಗೂ ದುಡ್ಡು ಸಿಗುತ್ತದೆ ಅಂತ, ನಾವು ಕೇಳುವ ಮೊದಲೇ ಅವರೇ ಫೋನ್ ಮಾಡಿದರು. ಕಂಪನಿ ಹೆಸರಿನ ಬೋರ್ಡ್ ಎಲ್ಲಿ ಹಾಕೋಣ ಅಂದರೆ, "ಬೋರ್ಡ್ ಬೇಡ, ಅದರ ದುಡ್ಡಿಗೂ ಬೇಲಿ ಹಾಕಿ" ಅಂದರು.

ಮೊನ್ನೆ ಗಡಿಗೆ ಕೀಳಲು ಹೋದೆವು. ಒಂದನ್ನು ಬೇವಿನ ಬೇರು ಸುತ್ತಿ ಹಿಡಿದಿತ್ತು, ಅಲ್ಲೇ ಬಿಟ್ಟೆವು. ಕುಂಬಾರಣ್ಣ ಮಾತ್ರ ರೊಕ್ಕ ಎಷ್ಟಾಯಿತು ಅಂತ ಇನ್ನೂ ಹೇಳಿಲ್ಲ.