ಲೇಹ್‌ನ ಲಾಯದಲ್ಲಿರುವ ಗೆಳೆಯನಿಗೊಂದು ಪತ್ರ

ಕುಣಿಗಲ್

ಗೆಳೆಯಾ,

ರಾತ್ರಿ ಕುದುರೆಗಳಿಗೆ ಇಟ್ಟ ಬಕೆಟ್ ನೀರು ಬೆಳಗಾಗೋದರಲ್ಲಿ ಕಲ್ಲಾಗಿತ್ತು ಅಂತ ಬರೆದಿದ್ದೀಯ, ಕೊನೆಗೆ ಕೇಳಿರೋದು ಮಾತ್ರ ಅವಕ್ಕೆ ಕಂಬಳಿ ಹೊದಿಸೋ ವಿಷಯ. ಕಂಬಳಿ ಆಮೇಲೆ ಕಣೋ, ಮೊದಲು ನೀರು ನೋಡು. ನಮ್ಮ ಕಡೆ ಧನುರ್ಮಾಸದ ಚಳಿಗೂ ಬಾನಿ ನೀರು ಹೆಪ್ಪುಗಟ್ಟಲ್ಲ, ಅದಕ್ಕೇ ಈ ಪಾಠ ನಮಗೆ ಇಲ್ಲಿ ಸಿಗಲ್ಲ.

400 ಕೆಜಿ ಕುದುರೆಗೆ ದಿನಕ್ಕೆ 20ರಿಂದ 30 ಲೀಟರ್ ನೀರು ಬೇಕು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಒಂದೆರಡು ಗುಟುಕಿಗೇ ಮುಖ ತಿರುಗಿಸುತ್ತೆ. ತಿಂದ ಒಣಹುಲ್ಲು ನೀರಿಲ್ಲದೆ ದೊಡ್ಡ ಕರುಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ. ಚಳಿಗಾಲದ ಹೊಟ್ಟೆನೋವಿಗೆ ಮುಖ್ಯ ಕಾರಣವೇ ಇದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿನೀರು ಬೆರೆಸಿ ಚಳಿ ಮುರಿದ ನೀರು ಕೊಡು. ಮೇವಿನ ಜೊತೆ 30 ಗ್ರಾಂ ಉಪ್ಪು ಹಾಕು, ಬಾಯಾರಿಕೆ ತಾನಾಗಿ ಬರುತ್ತೆ. ಹಿಮ ನೆಕ್ಕಿಕೊಳ್ಳುತ್ತೆ ಬಿಡಿ ಅನ್ನುವವರ ಮಾತು ಕೇಳಬೇಡ. ಹೊಸ ಹಿಮ 10 ಬಕೆಟ್ ಕರಗಿದರೆ ಹೆಚ್ಚುಕಡಿಮೆ 1 ಬಕೆಟ್ ನೀರು. ದಿನಾ ಲದ್ದಿ ನೋಡು. ಉಂಡೆ ಸಣ್ಣದಾಗಿ ಒಣಗಿದ್ದರೆ ನೀರು ಸಾಲುತ್ತಿಲ್ಲ. ಲದ್ದಿಯೇ ನಿಂತು, ನೆಲ ಕೆರೆಯುತ್ತಾ ಪಕ್ಕೆ ತಿರುಗಿ ನೋಡುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡ, ಡಾಕ್ಟರನ್ನು ಕರೆಸು.

ಹುರುಳಿ ಉಷ್ಣ ಅಂತ ನಮ್ಮವರು ಚಳಿಗೆ ಹುರುಳಿ ಹೆಚ್ಚಿಸುತ್ತಾರೆ. ಆದರೆ ಮೈಗೆ ಕಾವು ಕೊಡೋದು ಹುಲ್ಲು. ನಾರು ದೊಡ್ಡ ಕರುಳಲ್ಲಿ ಹುಳಿಯುವಾಗ ಶಾಖ ಹುಟ್ಟುತ್ತೆ, ಕಾಳಿನಿಂದ ಅಷ್ಟು ಹುಟ್ಟಲ್ಲ. 400 ಕೆಜಿ ಕುದುರೆಗೆ ದಿನಕ್ಕೆ ಮಾಮೂಲಿ 8 ಕೆಜಿ ಒಣಹುಲ್ಲು. ಚಳಿಗಾಲದ ಕೂದಲು ತುಂಬಿದ ಕುದುರೆ ಸುಮಾರು ಮೈನಸ್ 8 ಡಿಗ್ರಿವರೆಗೆ ತಡೆಯುತ್ತೆ. ಅದರಿಂದ ಕೆಳಗೆ ಇಳಿದ ಒಂದೊಂದು ಡಿಗ್ರಿಗೂ ನೂರಕ್ಕೆ 2ರಷ್ಟು ಹೆಚ್ಚಿಸು. ಮೈನಸ್ 18 ಅಂದರೆ ಸುಮಾರು 1.6 ಕೆಜಿ ಹೆಚ್ಚು. ಈ ಪಾಲನ್ನು ರಾತ್ರಿಗೇ ಇಡು.

ಈಗ ಕಂಬಳಿ. ಅಲ್ಲಿನ ಝನ್ಸ್ಕಾರಿ ತಳಿಗೆ ಅದರ ಕೂದಲೇ ಕಂಬಳಿ. ನೆಟ್ಟಗೆ ನಿಂತ ಕೂದಲ ನಡುವೆ ಗಾಳಿ ಸಿಕ್ಕಿ ಮೈ ಬೆಚ್ಚಗಿರುತ್ತೆ, ತೆಳು ಬಟ್ಟೆ ಹೊದಿಸಿದರೆ ಕೂದಲು ಚಪ್ಪಟೆಯಾಗಿ ಇದ್ದ ಕಾವೂ ಹೋಗುತ್ತೆ. ಮುದಿ, ಬಡಕಲು, ಕೂದಲು ಕತ್ತರಿಸಿದ ಕುದುರೆಗೆ ಮಾತ್ರ ಹೊದಿಸು, ನೀರು ಇಳಿಯದ್ದೇ ಆಗಿರಲಿ. ದಿನಾ ತೆಗೆದು ಪಕ್ಕೆಲುಬು ಮುಟ್ಟಿ ನೋಡು. ದಟ್ಟ ಕೂದಲಡಿ ಬಡಕಲಾಗಿದ್ದು ಕಣ್ಣಿಗೆ ಕಾಣಲ್ಲ. ಬೆವತ ಮೈ ಒಣಗುವ ಮುಂಚೆ ಹೊರಗೆ ಕಟ್ಟಲೇಬೇಡ.

ಚಳಿ ಅಂತ ಲಾಯದ ಕಿಟಕಿ ಮುಚ್ಚಿದ್ದರೆ ತೆಗೆ. ಗಂಜಲದ ಘಾಟು ಶ್ವಾಸಕೋಶ ಕೆಡಿಸುತ್ತೆ. ಗಾಳಿ ನೇರ ಮೈಗೆ ಬಡಿಯದಿದ್ದರೆ ಸಾಕು.

ಲಾಳದ ಕಬ್ಬಿಣಕ್ಕೆ ಹಿಮ ಉಂಡೆಗಟ್ಟಿ ಕುದುರೆ ಎತ್ತರದ ಹಿಮ್ಮಡಿ ಚಪ್ಪಲಿ ಹಾಕಿದಂತೆ ತೂರಾಡುತ್ತೆ. ಹೊರಡುವ ಮುಂಚೆ ಗೊರಸಿನ ಅಡಿಗೆ ವ್ಯಾಸಲಿನ್ ಬಳಿ, ಬಂದ ತಕ್ಷಣ ಕೆರೆದು ತೆಗೆ. ಕೆಲಸವಿಲ್ಲದ ಕುದುರೆಯ ಲಾಳ ಬಿಚ್ಚಿಸೋದೇ ವಾಸಿ. ಕಡಿವಾಣವನ್ನು ಅಂಗೈಲಿ ಬಿಸಿ ಮಾಡಿಯೇ ಬಾಯಿಗಿಡು.

ಒಂದೊಂದರ ಎದೆ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ ಸೆಂಟಿಮೀಟರಲ್ಲಿ ಬರೆದು ಕಳಿಸು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ತೂಕ ಕೆಜಿಯಲ್ಲಿ ಬರುತ್ತೆ. ಯಾವುದಕ್ಕೆ ಎಷ್ಟು ಹುಲ್ಲು ಅಂತ ಲೆಕ್ಕ ಹಾಕಿ ಬರೀತೀನಿ.

ನಿನ್ನ ಗೆಳೆಯ