ಸ್ವಾರಸ್ಯದ ಸುದ್ದಿಗೆ ಉಳಿದರ್ಧವೂ ಬೇಕು

ಮಾನ್ಯ ಸಂಪಾದಕರೇ,

ಒಲಿಂಪಿಕ್ಸ್ ನಡೆಯುವ ದಿನಗಳಲ್ಲಿ ತಮ್ಮ ಪತ್ರಿಕೆಯ ಕ್ರೀಡಾಪುಟವನ್ನು ನಾನು ಓದುವ ಕ್ರಮವೇ ಬೇರೆಯಾಗುತ್ತದೆ. ಪದಕಪಟ್ಟಿಯನ್ನು ಕೊನೆಗೆ ನೋಡುತ್ತೇನೆ. ಮೊದಲು ಕಣ್ಣು ಹೋಗುವುದು ಪುಟದ ಮೂಲೆಯಲ್ಲಿ, ಸಣ್ಣ ಚೌಕಟ್ಟಿನೊಳಗೆ ಅಚ್ಚಾಗುವ ಕ್ರೀಡಾಕೂಟದ ಸ್ವಾರಸ್ಯಗಳ ಕಡೆಗೆ. ದಾರಿ ತಪ್ಪಿದ ಓಟಗಾರ, ಕೊನೆಯವನಾಗಿ ಬಂದು ಚಪ್ಪಾಳೆ ಗಿಟ್ಟಿಸಿದ ಈಜುಗಾರ, ಎದುರಾಳಿಗೆ ನೆರವಾದ ಸ್ಪರ್ಧಿ, ಇಂಥವರನ್ನು ನನಗೆ ಪರಿಚಯಿಸಿದ್ದು ಆ ಚೌಕಟ್ಟುಗಳೇ. ಅದಕ್ಕಾಗಿ ಕೃತಜ್ಞನಾಗಿದ್ದೇನೆ. ಆದರೂ ಬಹಳ ವರ್ಷಗಳಿಂದ ಮನಸ್ಸಿನಲ್ಲಿರುವ ಒಂದು ತಕರಾರನ್ನು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಪತ್ರಿಕೆಗಳು ಈ ಸ್ವಾರಸ್ಯಗಳನ್ನು ಹೆಚ್ಚಿನ ಸಂದರ್ಭಗಳಲ್ಲಿ ಅರ್ಧಕ್ಕೇ ನಿಲ್ಲಿಸಿಬಿಡುತ್ತವೆ. ಓದುಗ ನಕ್ಕ ಕೂಡಲೇ ಸುದ್ದಿ ಮುಗಿದುಹೋಗುತ್ತದೆ. ಆ ಮನುಷ್ಯ ಯಾರು, ಅಲ್ಲಿಗೆ ಹೇಗೆ ಬಂದ, ಮುಂದೇನು ಮಾಡಿದ ಎಂಬುದು ಬರುವುದೇ ಇಲ್ಲ.

2000ದ ಸಿಡ್ನಿ ಕೂಟದ ಎರಿಕ್ ಮುಸಂಬಾನಿ ಅವರನ್ನೇ ನೋಡಿ. ಪುರುಷರ 100 ಮೀಟರ್ ಫ್ರೀಸ್ಟೈಲ್ ಈಜಿನ ಮೊದಲ ಹೀಟ್‌ನಲ್ಲಿ ಇದ್ದವರು ಮೂವರೇ. ಸಂಕೇತ ಬೀಳುವ ಮುನ್ನವೇ ನೀರಿಗೆ ಹಾರಿದ್ದಕ್ಕಾಗಿ ಉಳಿದ ಇಬ್ಬರೂ ಅನರ್ಹರಾದರು. ಸಾವಿರಾರು ಪ್ರೇಕ್ಷಕರ ಮುಂದೆ, ಅಷ್ಟು ದೊಡ್ಡ ಕೊಳದಲ್ಲಿ, ಈಕ್ವಟೋರಿಯಲ್ ಗಿನಿಯ ಈ ಯುವಕ ಒಬ್ಬರೇ ಈಜಬೇಕಾಯಿತು. ಮೊದಲ 50 ಮೀಟರ್ ಹೇಗೋ ಸಾಗಿತು. ಹಿಂತಿರುಗುವಾಗ ಕೈಕಾಲು ಸೋತು, ಮುಂದೆ ಸಾಗುತ್ತಿದ್ದಾರೋ ಇದ್ದಲ್ಲೇ ಇದ್ದಾರೋ ತಿಳಿಯದಂತಾಗಿ, ಮುಳುಗಿಯೇಬಿಡುತ್ತಾರೇನೋ ಎಂದು ನೋಡುವವರು ಗಾಬರಿಯಾದರು. ಕೊನೆಗೆ ಅವರು ಗೋಡೆ ಮುಟ್ಟಿದಾಗ 1 ನಿಮಿಷ 52.72 ಸೆಕೆಂಡು ಕಳೆದಿತ್ತು. ಅದೇ ಸ್ಪರ್ಧೆಯ ಚಿನ್ನ ಗೆದ್ದ ನೆದರ್ಲೆಂಡ್ಸ್‌ನ ಪೀಟರ್ ವಾನ್ ಡೆನ್ ಹೂಗೆನ್‌ಬಾಂಡ್ ಫೈನಲ್‌ನಲ್ಲಿ ತೆಗೆದುಕೊಂಡ ಸಮಯ 48.30 ಸೆಕೆಂಡು. ಈಜಲು ಬಾರದವನೊಬ್ಬ ಒಲಿಂಪಿಕ್ಸ್‌ಗೆ ಬಂದ ಎಂಬ ಧಾಟಿಯಲ್ಲಿ ಸುದ್ದಿ ಜಗತ್ತಿನಾದ್ಯಂತ ಹರಡಿತು.

ಉಳಿದರ್ಧ ಹೀಗಿದೆ. ಈಜಿನಲ್ಲಿ ಹಿಂದುಳಿದ ದೇಶಗಳಿಗೂ ಅವಕಾಶ ಸಿಗಲೆಂದು, ಅರ್ಹತಾ ಸಮಯ ತಲುಪದವರಿಗೂ ಪ್ರವೇಶ ಕೊಡುವ ವ್ಯವಸ್ಥೆಯೊಂದು ಒಲಿಂಪಿಕ್ಸ್‌ನಲ್ಲಿದೆ. ಮುಸಂಬಾನಿ ಬಂದದ್ದು ಅದರ ಮೂಲಕ. ಅವರು ಈಜು ಅಭ್ಯಾಸ ಆರಂಭಿಸಿದ್ದು ಕೂಟಕ್ಕೆ ಕೆಲವೇ ತಿಂಗಳುಗಳ ಹಿಂದೆ, ಅದೂ ಹೋಟೆಲೊಂದರ ಪುಟ್ಟ ಕೊಳದಲ್ಲಿ. 50 ಮೀಟರ್ ಉದ್ದದ ಕೊಳವನ್ನು ಅವರು ಮೊದಲ ಬಾರಿಗೆ ಕಂಡದ್ದೇ ಸಿಡ್ನಿಯಲ್ಲಿ. ಜಗತ್ತು ನಕ್ಕ ಆ ಸಮಯ ಅವರ ದೇಶದ ಮಟ್ಟಿಗೆ ರಾಷ್ಟ್ರೀಯ ದಾಖಲೆಯಾಗಿತ್ತು. ಸಿಡ್ನಿಯ ನಂತರ ಅವರು ಈಜು ಬಿಡಲಿಲ್ಲ. ಅಭ್ಯಾಸ ಮುಂದುವರಿಸಿ ಅದೇ 100 ಮೀಟರನ್ನು 57 ಸೆಕೆಂಡಿಗಿಂತ ಕಡಿಮೆ ಸಮಯಕ್ಕೆ ಇಳಿಸಿದರು. ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ! ಪ್ರವಾಸದ ಕಾಗದಪತ್ರಗಳ ತೊಡಕಿನಿಂದ 2004ರ ಅಥೆನ್ಸ್ ಕೂಟಕ್ಕೆ ಹೋಗಲಾಗಲಿಲ್ಲ. 2012ರಲ್ಲಿ ತಮ್ಮ ದೇಶದ ಈಜು ತಂಡಕ್ಕೇ ತರಬೇತುದಾರರಾದರು. ಮೊದಲರ್ಧವನ್ನು ಮಾತ್ರ ಓದಿದವರಿಗೆ ಮುಸಂಬಾನಿ ಒಂದು ತಮಾಷೆ. ಎರಡನ್ನೂ ಓದಿದವರಿಗೆ, ಆ ಎರಡನೆಯ 50 ಮೀಟರಿನಲ್ಲಿ ಅವರು ಕೈಬಿಡದೆ ಈಜಿದ್ದು ಎಂಥ ಸಂಕಲ್ಪದಿಂದ ಎಂಬುದು ತಿಳಿಯುತ್ತದೆ.

ಜಪಾನಿನ ಶಿಜೊ ಕನಕುರಿ ಅವರ ಕಥೆಯಂತೂ ಪ್ರತಿ ಒಲಿಂಪಿಕ್ಸ್‌ನಲ್ಲೂ ಎಲ್ಲಾದರೊಂದು ಕಡೆ ಅಚ್ಚಾಗುತ್ತದೆ. 1912ರ ಸ್ಟಾಕ್‌ಹೋಮ್ ಮ್ಯಾರಥಾನ್ ಓಟ ಸುಡುಬಿಸಿಲಿನಲ್ಲಿ ನಡೆಯಿತು. ದೀರ್ಘ ಪ್ರಯಾಣದಿಂದ ದಣಿದಿದ್ದ ಕನಕುರಿ ದಾರಿಯಲ್ಲಿ ಬಳಲಿ, ರಸ್ತೆಬದಿಯ ಮನೆಯೊಂದರವರ ಉಪಚಾರ ಪಡೆದು, ಅಧಿಕಾರಿಗಳಿಗೆ ತಿಳಿಸದೆ ಊರಿಗೆ ಮರಳಿದರು. 1967ರಲ್ಲಿ ಸ್ವೀಡನ್ನಿನವರು ಅವರನ್ನು ಕರೆಸಿ, ಎಪ್ಪತ್ತೈದರ ಆ ಹಿರಿಯರಿಂದ ಓಟವನ್ನು ಪೂರ್ಣಗೊಳಿಸಿದರು. ಘೋಷಣೆಯಾದ ಸಮಯ 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಇಷ್ಟು ಹೊತ್ತಿನಲ್ಲಿ ತಮಗೆ ಮದುವೆಯಾಗಿ, ಆರು ಮಕ್ಕಳೂ ಹತ್ತು ಮೊಮ್ಮಕ್ಕಳೂ ಆದರೆಂದು ಅವರು ಹೇಳಿದ್ದು ಪ್ರಸಿದ್ಧವಾಗಿದೆ. ಎಷ್ಟು ಸಲ ಓದಿದರೂ ಮುಖ ಅರಳಿಸುವ ಕಥೆ ಇದು. ಆದರೆ ಅವರು ಅರ್ಧ ಶತಮಾನ ‘ನಾಪತ್ತೆ’ಯಾಗಿದ್ದರೆಂಬ ಮಾತು ಬರಿಯ ಒಗ್ಗರಣೆ. 1920ರ ಆಂಟ್‌ವರ್ಪ್ ಮತ್ತು 1924ರ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್‌ಗಳಲ್ಲಿ ಅವರು ಎಲ್ಲರ ಕಣ್ಣೆದುರಿಗೇ ಓಡಿದ್ದಾರೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಟೋಕಿಯೊದಿಂದ ಹಕೊನೆಗೆ ಹೋಗಿ ಮರಳುವ ವಿದ್ಯಾರ್ಥಿ ತಂಡಗಳ ದೂರ ಓಟ 1920ರಲ್ಲಿ ಆರಂಭವಾಗಲು ಅವರೂ ಕಾರಣರು. ಇಂದಿಗೂ ಹೊಸ ವರ್ಷದ ಮೊದಲ ದಿನಗಳಲ್ಲಿ ಇಡೀ ಜಪಾನ್ ಆ ಓಟವನ್ನು ನೋಡುತ್ತದೆ. ತಮ್ಮ ಓಟವನ್ನು ಅರ್ಧಕ್ಕೆ ಬಿಟ್ಟದ್ದಕ್ಕೆ ಹೆಸರಾದವರು ಒಂದು ದೇಶಕ್ಕೇ ದೂರ ಓಟವನ್ನು ಕಲಿಸಿದರೆಂಬುದು ಚೌಕಟ್ಟಿನಲ್ಲಿ ಏಕೆ ಬರಬಾರದು?

1904ರ ಸೇಂಟ್ ಲೂಯಿಸ್ ಮ್ಯಾರಥಾನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಸ್ವಾರಸ್ಯಗಳ ಕಣಜ. ಕ್ಯೂಬಾದ ಫೆಲಿಕ್ಸ್ ಕಾರ್ವಾಹಲ್ ಪ್ಯಾಂಟನ್ನು ಮೊಣಕಾಲಿನವರೆಗೆ ಕತ್ತರಿಸಿಕೊಂಡು ಓಡಿದರು, ದಾರಿಯಲ್ಲಿ ಸೇಬು ತಿಂದು ಹೊಟ್ಟೆ ಕೆಡಿಸಿಕೊಂಡರು, ಹಾಗಿದ್ದೂ ನಾಲ್ಕನೆಯವರಾದರು. ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಲೆನ್ ಟಾವ್ ಅವರನ್ನು ನಾಯಿಯೊಂದು ಅಟ್ಟಿಸಿಕೊಂಡು ದಾರಿ ತಪ್ಪಿಸಿತು; ಅವರು ಒಂಬತ್ತನೆಯವರಾದರು. ಅಮೆರಿಕದ ಫ್ರೆಡ್ ಲೋರ್ಜ್ ನಡುದಾರಿಯಲ್ಲಿ ಮೋಟಾರು ಹತ್ತಿ ಬಂದು, ಕ್ರೀಡಾಂಗಣದಲ್ಲಿ ಎಲ್ಲರಿಗಿಂತ ಮೊದಲು ಕಾಣಿಸಿಕೊಂಡು, ವಿಜೇತನೆಂಬ ಗೌರವ ಸಿಗುವಷ್ಟರಲ್ಲಿ ಸಿಕ್ಕಿಬಿದ್ದರು. ಲೋರ್ಜ್ ಕಥೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಮರುವರ್ಷವೇ, 1905ರಲ್ಲಿ, ಅವರು ಬಾಸ್ಟನ್ ಮ್ಯಾರಥಾನನ್ನು ತಮ್ಮ ಕಾಲುಗಳಿಂದಲೇ ಓಡಿ ಗೆದ್ದರು ಎಂಬುದನ್ನು ಓದಿದಾಗ ನನಗಾದ ಸಂತೋಷ, ಅವರು ಸಿಕ್ಕಿಬಿದ್ದ ಕಥೆ ಓದಿದಾಗ ಆದದ್ದಕ್ಕಿಂತ ಹೆಚ್ಚಿನದು.

ನಗಿಸುವ ಸುದ್ದಿಯಷ್ಟೇ ಅಲ್ಲ, ಕಣ್ಣು ತುಂಬಿಸುವ ಸುದ್ದಿಯೂ ಹೀಗೆ ಅರ್ಧವಾಗುವುದುಂಟು. 1968ರ ಮೆಕ್ಸಿಕೊ ಸಿಟಿ ಕೂಟದಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಮ್ಯಾರಥಾನ್ ಓಟದ ನಡುವೆ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡರು. ಇಥಿಯೋಪಿಯದ ಮಾಮೊ ವೋಲ್ಡೆ ಗೆದ್ದು ಒಂದು ಗಂಟೆಗೂ ಹೆಚ್ಚು ಕಾಲವಾದ ಮೇಲೆ, ಕ್ರೀಡಾಂಗಣ ಬಹುಪಾಲು ಖಾಲಿಯಾಗಿ ಕತ್ತಲೆ ಕವಿಯುತ್ತಿದ್ದಾಗ, ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತಾ ಬಂದು ಗುರಿ ಮುಟ್ಟಿದರು. 75 ಮಂದಿ ಹೊರಟ ಓಟದಲ್ಲಿ 57ನೆಯವರು, ಅಂದರೆ ಪೂರೈಸಿದವರಲ್ಲಿ ಕಡೆಯವರು. ಏಕೆ ನಿಲ್ಲಿಸಲಿಲ್ಲವೆಂದು ಕೇಳಿದವರಿಗೆ, ತಮ್ಮ ದೇಶ ತಮ್ಮನ್ನು 5,000 ಮೈಲಿ ದೂರ ಕಳುಹಿಸಿದ್ದು ಓಟ ಆರಂಭಿಸಲಿಕ್ಕಲ್ಲ, ಮುಗಿಸಲಿಕ್ಕೆ ಎಂಬರ್ಥದ ಉತ್ತರ ಕೊಟ್ಟರು. ಇಷ್ಟನ್ನೇ ಓದಿದರೆ ಅವರು ಛಲವೊಂದೇ ಬಂಡವಾಳವಾಗಿದ್ದ ಸಾಧಾರಣ ಓಟಗಾರನಂತೆ ತೋರುತ್ತಾರೆ. ನಿಜಕ್ಕೂ ಅವರು ಆಫ್ರಿಕಾದ ಮ್ಯಾರಥಾನ್ ಚಾಂಪಿಯನ್ ಆಗಿದ್ದವರು. 1970ರ ಎಡಿನ್‌ಬರೋ ಕಾಮನ್‌ವೆಲ್ತ್ ಕೂಟದ ಮ್ಯಾರಥಾನಿನಲ್ಲಿ ಐದನೆಯ ಸ್ಥಾನ ಪಡೆದವರು. ಗೆಲ್ಲುವ ಶಕ್ತಿಯಿದ್ದವರೊಬ್ಬರು, ಗೆಲುವು ಕೈತಪ್ಪಿತೆಂದು ಖಚಿತವಾದ ಮೇಲೂ ಕಡೆಯ ಸ್ಥಾನಕ್ಕಾಗಿ ಅಷ್ಟು ದೂರ ನೋವು ಸಹಿಸಿದರು. ಇದನ್ನು ತಿಳಿದ ಮೇಲೆ ಅಖ್ವಾರಿಯವರ ಬಗ್ಗೆ ಕನಿಕರ ಮೂಡುವುದಿಲ್ಲ, ಗೌರವ ಮೂಡುತ್ತದೆ.

ನನ್ನ ಮಟ್ಟಿಗೆ ಈ ಎಲ್ಲ ಕಥೆಗಳಲ್ಲಿ ಮೊದಲನೆಯದು ಕೆನಡಾದ ಲಾರೆನ್ಸ್ ಲೆಮ್ಯೂ ಅವರದು. 1988ರ ಸಿಯೋಲ್ ಕೂಟದ ಹಾಯಿದೋಣಿ ಸ್ಪರ್ಧೆಗಳು ಬೂಸಾನ್ ಬಳಿಯ ಕಡಲಿನಲ್ಲಿ ನಡೆದವು. ಸೆಪ್ಟೆಂಬರ್ 24ರಂದು ಗಾಳಿ ಜೋರಾಗಿ ಅಲೆಗಳು ಎದ್ದವು. ಒಬ್ಬರೇ ನಡೆಸುವ ದೋಣಿಗಳ ಫಿನ್ ವರ್ಗದ ರೇಸ್‌ನಲ್ಲಿ ಲೆಮ್ಯೂ ಎರಡನೆಯ ಸ್ಥಾನದಲ್ಲಿದ್ದರು. ಅಷ್ಟರಲ್ಲಿ, ಅವರ ಸ್ಪರ್ಧೆಗೆ ಸಂಬಂಧವೇ ಇಲ್ಲದ ಬೇರೆ ವರ್ಗದ ಸಿಂಗಪುರದ ದೋಣಿಯೊಂದು ಮಗುಚಿ, ಇಬ್ಬರು ನಾವಿಕರು ನೀರಿನಲ್ಲಿರುವುದು ಕಣ್ಣಿಗೆ ಬಿತ್ತು. ಲೆಮ್ಯೂ ದೋಣಿ ತಿರುಗಿಸಿದರು. ಇಬ್ಬರನ್ನೂ ಮೇಲೆತ್ತಿಕೊಂಡು, ಗಸ್ತು ದೋಣಿ ಬರುವವರೆಗೆ ಕಾದು, ಅವರನ್ನು ಅದಕ್ಕೆ ಒಪ್ಪಿಸಿದ ಮೇಲೆ ತಮ್ಮ ರೇಸ್ ಮುಂದುವರಿಸಿ 22ನೆಯವರಾಗಿ ಮುಗಿಸಿದರು. ತೀರ್ಪುಗಾರರು ಆ ರೇಸ್‌ನಲ್ಲಿ ಅವರಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಮುಂದೆ ಕ್ರೀಡಾಮನೋಭಾವಕ್ಕಾಗಿ ಪಿಯರ್ ದ ಕೂಬರ್ತಾಂ ಪದಕವೂ ಸಂದಿತು. ಒಟ್ಟಾರೆ ಪಟ್ಟಿಯಲ್ಲಿ ಅವರು 11ನೆಯವರು. ಕೂಟದ ಮರುದಿನದ ಪದಕಪಟ್ಟಿಯಲ್ಲಿ ಈ ಘಟನೆಯ ಸುಳಿವೂ ಇರಲು ಸಾಧ್ಯವಿಲ್ಲ. ಚೌಕಟ್ಟಿನ ಸುದ್ದಿ ಇಲ್ಲದಿದ್ದರೆ ನಮ್ಮಂಥವರಿಗೆ ಅವರ ಹೆಸರೇ ಗೊತ್ತಾಗುತ್ತಿರಲಿಲ್ಲ.

ಇದೇ ಬಗೆಯವರು ಇಟಲಿಯ ಯುಜೀನಿಯೊ ಮೊಂಟಿ. 1964ರ ಇನ್ಸ್‌ಬ್ರುಕ್ ಚಳಿಗಾಲದ ಕೂಟದಲ್ಲಿ, ಹಿಮಬಂಡಿ (ಬಾಬ್‌ಸ್ಲೆಡ್) ಸ್ಪರ್ಧೆಯಲ್ಲಿ ಬಂಡಿಯ ಬೋಲ್ಟ್ ಮುರಿದು ಕಂಗೆಟ್ಟಿದ್ದ ಬ್ರಿಟನ್ನಿನ ಜೋಡಿಗೆ ತಮ್ಮ ಬಂಡಿಯ ಬೋಲ್ಟನ್ನೇ ಕೊಟ್ಟರು. ಬ್ರಿಟನ್ ಚಿನ್ನ ಗೆದ್ದಿತು, ಮೊಂಟಿಗೆ ಸಿಕ್ಕಿದ್ದು ಕಂಚು. ಅವರು ಗೆದ್ದದ್ದು ನನ್ನ ಬೋಲ್ಟಿನಿಂದಲ್ಲ, ವೇಗವಾಗಿ ಇಳಿದದ್ದರಿಂದ ಎಂಬುದು ಮೊಂಟಿಯವರ ನಿಲುವಾಗಿತ್ತು. ನಾಲ್ಕು ವರ್ಷಗಳ ಬಳಿಕ ಗ್ರೆನೋಬಲ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರು ಇಬ್ಬರ ಮತ್ತು ನಾಲ್ವರ ಎರಡೂ ಸ್ಪರ್ಧೆಗಳಲ್ಲಿ ಚಿನ್ನ ಗೆದ್ದರು. ಈ ಕೊನೆಯ ವಾಕ್ಯವೂ ಹೆಚ್ಚಿನ ಕಡೆ ಬಿಟ್ಟುಹೋಗುತ್ತದೆ.

ಇತ್ತೀಚಿನ ಕೂಟಗಳಲ್ಲಿ ಒಂದೇ ಕಥೆ ಎರಡು ಒಲಿಂಪಿಕ್ಸ್‌ಗಳಿಗೆ ಹಬ್ಬಿದ್ದನ್ನೂ ಕಂಡಿದ್ದೇವೆ. ಟೋಕಿಯೊ ಕೂಟದ ಎತ್ತರ ಜಿಗಿತದಲ್ಲಿ ಕತಾರ್‌ನ ಮುತಾಜ್ ಬರ್ಶಿಮ್ ಮತ್ತು ಇಟಲಿಯ ಜಾನ್ಮಾರ್ಕೊ ತಂಬೇರಿ 2.37 ಮೀಟರ್‌ನಲ್ಲಿ ಸಮನಾಗಿ ನಿಂತು, ಮರುಜಿಗಿತದ ಬದಲು ಚಿನ್ನವನ್ನು ಹಂಚಿಕೊಂಡರು. ಗಾಯದಿಂದಾಗಿ ರಿಯೊ ಕೂಟವನ್ನೇ ಕಳೆದುಕೊಂಡಿದ್ದ ತಂಬೇರಿ ಆನಂದದಲ್ಲಿ ನೆಲದ ಮೇಲೆ ಹೊರಳಾಡಿದ್ದನ್ನು ಯಾರೂ ಮರೆತಿರಲಾರರು. 2024ರ ಪ್ಯಾರಿಸ್‌ನಲ್ಲಿ ಅದೇ ತಂಬೇರಿ ಉದ್ಘಾಟನೆಯ ದೋಣಿ ಮೆರವಣಿಗೆಯಲ್ಲಿ ಧ್ವಜ ಬೀಸುವಾಗ ಮದುವೆಯ ಉಂಗುರವನ್ನು ಸೆನ್ ನದಿಗೆ ಬೀಳಿಸಿಕೊಂಡು, ಪತ್ನಿಗೆ ಎಲ್ಲರೆದುರು ಕ್ಷಮೆ ಕೇಳಿದರು. ಆ ಸುದ್ದಿ ಎಲ್ಲ ಕಡೆ ಬಂತು. ಅರ್ಹತಾ ಸುತ್ತಿನಲ್ಲಿ ಬರ್ಶಿಮ್ ಮೀನಖಂಡದ ಸ್ನಾಯು ಸೆಳೆತದಿಂದ ನೆಲಕ್ಕೆ ಬಿದ್ದಾಗ ಮೊದಲು ಓಡಿಬಂದು ಕಾಲು ಹಿಡಿದು ಎಳೆದು ಉಪಚರಿಸಿದವರು ತಂಬೇರಿಯೇ ಎಂಬುದಕ್ಕೆ ಉಂಗುರದಷ್ಟು ಜಾಗ ಸಿಗಲಿಲ್ಲ. ಬರ್ಶಿಮ್ ಅಲ್ಲಿ ಕಂಚು ಗೆದ್ದರು. ಚಿನ್ನಕ್ಕಾಗಿ ಸಮನಾಗಿ ನಿಂತ ನ್ಯೂಜಿಲೆಂಡಿನ ಹಾಮಿಶ್ ಕೆರ್ ಮತ್ತು ಅಮೆರಿಕದ ಶೆಲ್ಬಿ ಮೆಕ್‌ಇವೆನ್ ಮಾತ್ರ ಹಂಚಿಕೊಳ್ಳದೆ ಮರುಜಿಗಿತ ಆರಿಸಿಕೊಂಡರು, ಕೆರ್ ಗೆದ್ದರು. ಅದರಲ್ಲೂ ತಪ್ಪೇನಿಲ್ಲ ಎಂದೇ ನಾನು ಭಾವಿಸುತ್ತೇನೆ. ಹಂಚಿಕೊಳ್ಳುವುದು ಇಬ್ಬರ ಮನಸ್ಸಿನಿಂದ ಬರಬೇಕಾದದ್ದು.

ಕಥೆ ಚೆನ್ನಾಗಿದೆಯೆಂಬ ಕಾರಣಕ್ಕೆ ಪರಿಶೀಲಿಸದೆ ಅಚ್ಚು ಹಾಕುವುದನ್ನೂ ದಯವಿಟ್ಟು ತಡೆಯಬೇಕು. 1936ರ ಬರ್ಲಿನ್ ಕೂಟದ ಉದ್ದ ಜಿಗಿತದಲ್ಲಿ ಜರ್ಮನಿಯ ಲುಟ್ಸ್ ಲಾಂಗ್, ಅರ್ಹತಾ ಸುತ್ತಿನಲ್ಲಿ ತಡವರಿಸುತ್ತಿದ್ದ ಅಮೆರಿಕದ ಕಪ್ಪು ವರ್ಣೀಯ ಸ್ಪರ್ಧಿ ಜೆಸ್ಸಿ ಓವೆನ್ಸ್ ಅವರಿಗೆ ಹಲಗೆಗಿಂತ ಹಿಂದಿನಿಂದಲೇ ಜಿಗಿಯಲು ಸಲಹೆ ಕೊಟ್ಟರೆಂಬ ಕಥೆಯನ್ನು ಕ್ರೀಡಾ ಇತಿಹಾಸಕಾರರು ಸಂಶಯದಿಂದ ನೋಡುತ್ತಾರೆ. ಆದರೆ ಓವೆನ್ಸ್ 8.06 ಮೀಟರ್ ಜಿಗಿದು ಗೆದ್ದ ಮೇಲೆ, ಬೆಳ್ಳಿ ಪಡೆದ ಲಾಂಗ್ ನಾಜಿ ಆಡಳಿತದ ಎದುರಿಗೇ ಅವರೊಂದಿಗೆ ತೋಳಿಗೆ ತೋಳು ಸೇರಿಸಿ ನಡೆದದ್ದು ನಿಜ, ಇಬ್ಬರೂ ಹುಲ್ಲಿನ ಮೇಲೆ ಜೊತೆಯಾಗಿ ಒರಗಿರುವ ಛಾಯಾಚಿತ್ರವೂ ಇದೆ. ನಿಜವೇ ಇಷ್ಟು ದೊಡ್ಡದಾಗಿರುವಾಗ ಕಟ್ಟುಕಥೆಯ ಆಸರೆ ಏಕೆ? ಹಾಗೆಯೇ 1960ರ ರೋಮ್ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲ ಅವರನ್ನು ಶೂ ಕೊಳ್ಳಲಾಗದ ಬಡವನೆಂದು ಚಿತ್ರಿಸುವುದಿದೆ. ಅಲ್ಲಿ ಸಿಕ್ಕ ಶೂಗಳು ಕಾಲಿಗೆ ಸರಿಹೊಂದಲಿಲ್ಲ, ಬರಿಗಾಲಿನ ಅಭ್ಯಾಸವೂ ಇತ್ತು, ಅಷ್ಟೆ. 1964ರಲ್ಲಿ ಟೋಕಿಯೊದಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಆರು ವಾರಗಳೂ ಸರಿಯಾಗಿ ಕಳೆಯದಿರುವಾಗ, ಶೂ ತೊಟ್ಟು ಮತ್ತೆ ಗೆದ್ದರು.

ಮೆಚ್ಚಿಕೊಳ್ಳಬೇಕಾದದ್ದನ್ನೂ ಹೇಳಬೇಕು. ಪ್ಯಾರಿಸ್‌ನ ಜಾವೆಲಿನ್ ಎಸೆತದಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಚಿನ್ನವನ್ನೂ ನಮ್ಮ ನೀರಜ್ ಚೋಪ್ರಾ 89.45 ಮೀಟರ್ ಎಸೆದು ಬೆಳ್ಳಿಯನ್ನೂ ಗೆದ್ದ ರಾತ್ರಿ, ಚಿನ್ನ ಗೆದ್ದವನೂ ನಮ್ಮ ಹುಡುಗನೇ ಎಂದು ನೀರಜ್ ಅವರ ತಾಯಿ ಹೇಳಿದ ಮಾತು ಪತ್ರಿಕೆಗಳಲ್ಲಿ ಬಂತು. ಆ ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ; ನದೀಮ್ ಅವರ ತಾಯಿಯೂ ನೀರಜ್ ಬಗ್ಗೆ ಅದೇ ಅಕ್ಕರೆಯಿಂದ ಮಾತನಾಡಿದ್ದನ್ನು ಪತ್ರಿಕೆಗಳು ಹಿಂಬಾಲಿಸಿ ವರದಿ ಮಾಡಿದವು. ನಾನು ಕೇಳುತ್ತಿರುವುದು ಇಂಥ ವರದಿಗಾರಿಕೆಯನ್ನೇ.

ಮುಂದಿನ ಬೇಸಿಗೆ ಒಲಿಂಪಿಕ್ಸ್ 2028ರ ಜುಲೈನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆರಂಭವಾಗಲಿದೆ. ಆ ದಿನಗಳಲ್ಲಿ ಸ್ವಾರಸ್ಯಗಳ ಚೌಕಟ್ಟನ್ನು ನಾಲ್ಕು ಸಾಲಿನಿಂದ ಕಾಲು ಪುಟಕ್ಕಾದರೂ ಹಿಗ್ಗಿಸಬೇಕೆಂದೂ, ಪ್ರತಿದಿನ ಯಾವುದಾದರೊಂದು ಸ್ಪರ್ಧೆಯಲ್ಲಿ ಕೊನೆಯವರಾದವರ ಹೆಸರು, ದೇಶ, ಅವರು ಅಲ್ಲಿಗೆ ಬಂದ ದಾರಿ ಇವಿಷ್ಟನ್ನು ವಿಚಾರಿಸಿ ಬರೆಯಲು ವರದಿಗಾರರೊಬ್ಬರನ್ನು ನೇಮಿಸಬೇಕೆಂದೂ ವಿನಂತಿಸುತ್ತೇನೆ. ಕೂಟ ಮುಗಿದು ಒಂದು ವರ್ಷವಾದ ಮೇಲೆ ಅವರಲ್ಲಿ ಕೆಲವರು ಏನು ಮಾಡುತ್ತಿದ್ದಾರೆಂದು ಮತ್ತೊಮ್ಮೆ ಪ್ರಕಟಿಸಿದರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುವ ಓದುಗರಲ್ಲಿ ನಾನೂ ಒಬ್ಬನಾಗಿರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ