ಜಾನ್ ದೊರೆಯ ಕಣಜ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕಳೆದ ಭಾನುವಾರ ಲಂಡನ್ನಿನ ಆಗ್ನೇಯ ಭಾಗದಲ್ಲಿರುವ ಎಲ್ಥಮ್ ಅರಮನೆಗೆ ಹೋಗಿದ್ದೆ. ಅಲ್ಲಿನ ದೊಡ್ಡ ಸಭಾಂಗಣದ ನಡುವೆ ತಲೆಯೆತ್ತಿ ನಿಂತಿದ್ದಾಗ ನಿನ್ನ ನೆನಪಾಯಿತು, ಅದರ ಹಿಂದೆಯೇ ನಿನಗೆ ಸಲ್ಲಬೇಕಾದ ಒಂದು ಹಳೆಯ ಬಾಕಿಯ ನೆನಪೂ ಬಂತು. ಫೋನಿನಲ್ಲಿ ಹೇಳಹೊರಟರೆ ನೀನು ಎಂದಿನಂತೆ "ಬಿಡು ಮಾರಾಯ" ಎಂದು ಮಾತನ್ನು ಅಡಿಕೆ ಧಾರಣೆಯ ಕಡೆಗೆ ತಿರುಗಿಸಿಬಿಡುತ್ತೀಯೆ. ಅದಕ್ಕೇ ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಅವರೆದುರು ನೀನು ಮಾತು ತಿರುಗಿಸಲಾರೆ, ನಾನೂ ನುಣುಚಿಕೊಳ್ಳಲಾರೆ.

ಮೊದಲು ಕಟ್ಟಡದ ವಿಷಯ ಹೇಳುತ್ತೇನೆ, ಏಕೆಂದರೆ ಮರ ಕಂಡರೆ ಮುಟ್ಟಿ ನೋಡದೆ ಮುಂದೆ ಹೋಗುವವನಲ್ಲ ನೀನು. ನಾಲ್ಕನೆಯ ಎಡ್ವರ್ಡ್ ದೊರೆ 1470ರ ದಶಕದಲ್ಲಿ ಕಟ್ಟಿಸಲು ತೊಡಗಿದ ಸಭಾಂಗಣವಿದು. ಉದ್ದ ಸುಮಾರು 101 ಅಡಿ, ಅಗಲ 36 ಅಡಿ, ಎತ್ತರ 55 ಅಡಿ. ಇಷ್ಟು ಅಗಲಕ್ಕೆ ನಡುವೆ ಒಂದೇ ಒಂದು ಕಂಬವಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ತೊಲೆ ಸಿಕ್ಕಷ್ಟು ಉದ್ದಕ್ಕೆ ಅಂಕಣ ಹಾಕಿ, ಮುಂದಕ್ಕೆ ಕಂಬ ಕೊಟ್ಟು, ಕಂಬದ ತಲೆಗೆ ಬೋದಿಗೆ ಇಡುತ್ತೇವಲ್ಲ, ಇವರು ಆ ಬೋದಿಗೆಯನ್ನೇ ಹಿಗ್ಗಿಸಿ ಕಂಬವನ್ನು ಕೈಬಿಟ್ಟಿದ್ದಾರೆ ಎಂದುಕೋ. ಎರಡೂ ಗೋಡೆಗಳ ಮೇಲಿನಿಂದ ಗಿಡ್ಡ ತೊಲೆಗಳು ಒಳಕ್ಕೆ ಚಾಚಿಕೊಂಡು ಬರುತ್ತವೆ, ಅವುಗಳಿಗೆ ಕೆಳಗಿನಿಂದ ಬಾಗಿದ ಆಸರೆ ಕೊಟ್ಟು, ಮೇಲೆ ಕಮಾನುಗಳನ್ನು ಎಬ್ಬಿಸಿ ಮಾಡಿನ ಭಾರವನ್ನು ಮತ್ತೆ ಗೋಡೆಗೇ ಇಳಿಸಲಾಗಿದೆ. ಇಂಥ ಮಾಡಿಗೆ ಇಲ್ಲಿ ಹ್ಯಾಮರ್‌ಬೀಮ್ ಎನ್ನುತ್ತಾರೆ. ಎಲ್ಥಮ್ಮಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮಾಡಿಗೆ ಆಸರೆಯಾಗಿ ನೆಟ್ಟಗೆ ನಿಲ್ಲುವ ಗೂಟಗಂಬ ಬೇರೆ ಕಡೆಗಳಂತೆ ಇಲ್ಲಿ ಗಿಡ್ಡ ತೊಲೆಯ ಮೇಲೆ ಕೂರುವುದಿಲ್ಲ, ತೊಲೆಯ ತುದಿಯೇ ಗೂಟಗಂಬದ ಬದಿಗೆ ಕೊರೆದ ಕಿಂಡಿಯೊಳಗೆ ಸೇರಿಕೊಳ್ಳುತ್ತದೆ, ಗೂಟಗಂಬದ ಬುಡ ಕೆತ್ತನೆಯ ಗೊಂಚಲಾಗಿ ಗಾಳಿಯಲ್ಲಿ ಜೋತಾಡುತ್ತದೆ. ಗೋಡೆಯ ಕಿಟಕಿಗಳೆಲ್ಲ ಎತ್ತರದಲ್ಲಿವೆ, ಕೆಳಗಿನ ಗೋಡೆಯ ಮೇಲೆ ಚಿತ್ರದ ನೇಯ್ಗೆಯ ಪರದೆಗಳನ್ನು ತೂಗುಹಾಕಬೇಕಾಗಿತ್ತು. ಕಲ್ಲುಕೆಲಸದ ಮೇಸ್ತ್ರಿ ಥಾಮಸ್ ಜರ್ಡನ್, ಮರಗೆಲಸದ ಮೇಸ್ತ್ರಿ ಎಡ್ಮಂಡ್ ಗ್ರೇವ್ಲಿ. ಐನೂರು ವರ್ಷ ಕಳೆದರೂ ಅವರ ಹೆಸರು ಉಳಿದಿದೆ. ನಮ್ಮ ಮನೆಯ ಬೋದಿಗೆಗಳಿಗೆ ಬಾಳೆಮೊಗ್ಗು ಕೆತ್ತಿದವರು ಯಾರೆಂದು ನನ್ನ ಅಜ್ಜನಿಗೂ ಗೊತ್ತಿರಲಿಲ್ಲ.

1482ರ ಕ್ರಿಸ್‌ಮಸ್ಸಿಗೆ ದೊರೆ ಇಲ್ಲಿ ಎರಡು ಸಾವಿರ ಮಂದಿಗೆ ಊಟ ಹಾಕಿಸಿದನೆಂದು ಹೇಳುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. 1499ರಲ್ಲಿ ವಿದ್ವಾಂಸ ಎರಾಸ್ಮಸ್, ಥಾಮಸ್ ಮೋರ್ ಜೊತೆಗೆ ಬಂದು ಇಲ್ಲಿ ಎಂಟು ವರ್ಷದ ರಾಜಕುಮಾರನೊಬ್ಬನನ್ನು ಕಂಡ, ಆ ಹುಡುಗನೇ ಮುಂದೆ ಎಂಟನೆಯ ಹೆನ್ರಿಯಾದ. ದೊಡ್ಡವನಾದ ಮೇಲೆ ಹೆನ್ರಿಗೆ ಥೇಮ್ಸ್ ನದಿಯ ದಡದ ಗ್ರೀನಿಚ್ ಅರಮನೆಯೇ ಹಿಡಿಸಿತು, ಎಲ್ಥಮ್ ಮೆಲ್ಲಗೆ ಬರಿದಾಯಿತು. ಅಂತರ್ಯುದ್ಧ ಮುಗಿದು ದೊರೆಯ ತಲೆ ಉರುಳಿದ 1649ರಲ್ಲಿ ಸಂಸತ್ತಿನ ಕಡೆಯವರು ಬಂದು ಮೋಜಣಿ ಮಾಡಿದರು, ಅರಮನೆ ವಾಸಕ್ಕೆ ಯೋಗ್ಯವಲ್ಲವೆಂದು ಬರೆದು ಸಾಮಗ್ರಿಗೆ ಬೆಲೆ ಕಟ್ಟಿದರು. ಕೊಂಡ ಕರ್ನಲ್ ನಥಾನಿಯಲ್ ರಿಚ್ ಮಾಡುಗಳ ಸೀಸದ ಹಾಳೆಗಳನ್ನು ಕಿತ್ತ, ಹಲವು ಕಟ್ಟಡಗಳನ್ನು ಕೆಡವಿದ. 1656ರಲ್ಲಿ ನೋಡಬಂದ ಜಾನ್ ಎವ್ಲಿನ್, ಅರಮನೆಯೂ ಪ್ರಾರ್ಥನಾಮಂದಿರವೂ ದಯನೀಯವಾಗಿ ಹಾಳುಬಿದ್ದಿವೆ ಎಂದು ತನ್ನ ದಿನಚರಿಯಲ್ಲಿ ಬರೆದಿಟ್ಟ. ಅರಸೊತ್ತಿಗೆ ಮರಳಿದ ಮೇಲೆ, 1663ರಲ್ಲಿ ಗುತ್ತಿಗೆ ಹಿಡಿದ ಸರ್ ಜಾನ್ ಶಾ ಹಾಳು ಅರಮನೆಯನ್ನು ರಿಪೇರಿ ಮಾಡಿಸುವ ಗೋಜಿಗೆ ಹೋಗದೆ ಹತ್ತಿರದಲ್ಲೇ ಹೊಸ ಮನೆ ಕಟ್ಟಿಸಿಕೊಂಡ. ಅರಮನೆಯ ಅಂಗಳ ಬೇಸಾಯಗಾರರ ಪಾಲಾಯಿತು, ಎರಡು ಸಾವಿರ ಜನ ಉಂಡ ಸಭಾಂಗಣ ಹುಲ್ಲು, ಧಾನ್ಯ ತುಂಬುವ ಕಣಜವಾಯಿತು. ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಜನ ಅದನ್ನು "ಜಾನ್ ದೊರೆಯ ಕಣಜ" ಎಂದು ಕರೆಯತೊಡಗಿದರು. ಆ ಹೆಸರಿನ ಇಂಗ್ಲೆಂಡಿನ ದೊರೆ ಈ ಸಭಾಂಗಣ ಏಳುವುದಕ್ಕಿಂತ ಎರಡೂವರೆ ಶತಮಾನ ಮೊದಲೇ ಸತ್ತಿದ್ದ. ನಮ್ಮೂರಲ್ಲಿ ಗುಡ್ಡದ ಮೇಲಿನ ಪ್ರತಿ ಹಾಸುಗಲ್ಲೂ ಭೀಮನದೇ ಅಲ್ಲವೇ, ಹಾಗೆಯೇ ಇದು.

ಇದನ್ನೆಲ್ಲ ಓದುತ್ತ ಹೋದಾಗ ಮೊದಲು ನನಗೆ ಬಂದದ್ದು ಮರುಕ. ದೊರೆಯ ಪೀಠವಿದ್ದ ಜಗಲಿಯ ಮೇಲೆ ಹುಲ್ಲಿನ ಹೊರೆ, ಎರಾಸ್ಮಸ್ ನಿಂತ ನೆಲದಲ್ಲಿ ಕೋಳಿ ಕೆದರುವ ಚಿತ್ರ ಕಣ್ಣಿಗೆ ಬಂದು ಅವಮಾನವೆನಿಸಿತು. ಆಮೇಲೆ ಸುತ್ತ ನೋಡಿದೆ. ದೊರೆಯ ಕೋಣೆಗಳು, ರಾಣಿಯ ಕೋಣೆಗಳು, ಪ್ರಾರ್ಥನಾಮಂದಿರ, ಅಡುಗೆಯ ಕಟ್ಟಡಗಳು, ಎಲ್ಲವೂ ಇಂದು ಹುಲ್ಲಿನೊಳಗಿನ ತಳಪಾಯದ ಗೆರೆಗಳು. ಅರಮನೆಯ ಮುಖ್ಯ ಕಟ್ಟಡಗಳಲ್ಲಿ ಮಾಡು ಸಮೇತ ನಿಂತಿರುವುದು ಸಭಾಂಗಣ ಮಾತ್ರ. ಅರಮನೆಯೊಳಗೆ ರೈತನಿಗೆ ಬೇಕಾದದ್ದು ಅದೊಂದೇ. ಎತ್ತರ, ಅಗಲ, ಒಳಗೆ ಅಡ್ಡಬರುವ ಕಂಬವಿಲ್ಲ, ಕೆಳತುದಿಯಲ್ಲಿ ಎದುರುಬದುರು ಬಾಗಿಲು. ಇಂಗ್ಲೆಂಡಿನ ಹಳೆಯ ಕಣಜಗಳಲ್ಲೂ ಹೀಗೆಯೇ ಎದುರುಬದುರು ಬಾಗಿಲು ಇಟ್ಟು, ನಡುವೆ ಬೀಸುವ ಗಾಳಿಯಲ್ಲಿ ಕಾಳು ತೂರುತ್ತಿದ್ದರು. ಒಳಗಿನ ಹುಲ್ಲು ನೆನೆಯಬಾರದೆಂದರೆ ಮಾಡು ಸೋರಬಾರದು, ಸೋರಿದಾಗ ಯಾರೋ ಒಬ್ಬ ಏಣಿ ಹತ್ತಲೇಬೇಕು. ಕಲೆಯೆಂದು ಯಾರೂ ಕಾಯದಿದ್ದ ಕಾಲದಲ್ಲಿ ಜಾನುವಾರಿನ ಮೇವು ಆ ಮಾಡನ್ನು ಕಾಯಿತೆಂದೇ ನಾನು ನಂಬುತ್ತೇನೆ.

ಮುಂದೆ ಗಂಡಾಂತರ ಬಂದದ್ದು ಹುಲ್ಲಿನಿಂದಲ್ಲ, ಮೆಚ್ಚುಗೆಯಿಂದ. 1828ರಲ್ಲಿ ಈ ಮಾಡನ್ನು ಬಿಚ್ಚಿ ವಿಂಡ್ಸರ್ ಕೋಟೆಗೆ ಒಯ್ಯುವ ಮಾತೆದ್ದಿತು. ಜನ ವಿರೋಧಿಸಿದರು, ವಾಸ್ತುಶಿಲ್ಪಿ ರಾಬರ್ಟ್ ಸ್ಮರ್ಕ್ ಅಲ್ಲೇ ರಿಪೇರಿ ಮಾಡಿಸಿದ. 1911ರಿಂದ 1914ರವರೆಗೆ ಇನ್ನೊಬ್ಬ ವಾಸ್ತುಶಿಲ್ಪಿ ಫ್ರಾಂಕ್ ಬೇನ್ಸ್ ಮರದೊಳಗೆ ಉಕ್ಕಿನ ಬಲ ಕೊಟ್ಟು ಮಾಡನ್ನು ಉಳಿಸಿದ. 1930ರ ದಶಕದಲ್ಲಿ ಸ್ಟೀಫನ್ ಮತ್ತು ವರ್ಜೀನಿಯಾ ಕೋರ್ಟಾಲ್ಡ್ ದಂಪತಿ ಪಕ್ಕದಲ್ಲೇ ಹೊಸ ಮನೆ ಕಟ್ಟಿ, ಸಭಾಂಗಣವನ್ನು ಅದಕ್ಕೆ ಜೋಡಿಸಿ, ಸಂಗೀತಕ್ಕೂ ಔತಣಕ್ಕೂ ಬಳಸಿದರು. 1940ರಲ್ಲಿ ಅದೇ ಮಾಡಿನ ಮೇಲೆ ಬೆಂಕಿಬಾಂಬುಗಳು ಬಿದ್ದವು, ಆದರೂ ಉಳಿಯಿತು.

ಈಗ ಬಾಕಿಯ ವಿಷಯ. ಆ ಮಳೆಗಾಲದಲ್ಲಿ ನಿನ್ನ ಕೊಟ್ಟಿಗೆಯ ಮಾಡು ಹಾರಿಹೋದಾಗ, ಬೀಗ ಹಾಕಿದ ನಮ್ಮ ಮನೆಯ ನಡುಮನೆಯಲ್ಲಿ ಹುಲ್ಲೂ ಅಡಿಕೆ ಚೀಲವೂ ಇಟ್ಟುಕೊಳ್ಳಲೇ ಎಂದು ನೀನು ಕೇಳಿದ್ದೆ. ದೊಡ್ಡಪ್ಪನನ್ನು ಕೇಳಿ ಹೇಳುತ್ತೇನೆ ಎಂದಿದ್ದೆ. ನಾನು ದೊಡ್ಡಪ್ಪನನ್ನು ಕೇಳಲೇ ಇಲ್ಲ. ಮದುವೆ, ಮುಂಜಿಗಳು ನಡೆದ ನಡುಮನೆಯಲ್ಲಿ ಹುಲ್ಲು ತುಂಬುವುದೇ ಎಂಬ ಮನೆತನದ ಹಮ್ಮು ಒಂದು ಕಾರಣ. ಅಷ್ಟನ್ನೇ ಬರೆಯಬೇಕೆಂದು ಕೂತಿದ್ದೆ. ಆದರೆ ಅದು ಅರ್ಧ ಮಾತ್ರ. ಒಳಗೆ ಬಿಟ್ಟರೆ ನೀನು ಹೊರಗೆ ಹೋಗದಿದ್ದರೆ ಎಂಬ ಭಯವೂ ಇತ್ತು. 1974ರ ಭೂಸುಧಾರಣೆಯಲ್ಲಿ ನಿಮ್ಮಪ್ಪನ ಹೆಸರಿಗೆ ಆದ ಕೆಳಗಿನ ಗದ್ದೆಯ ವಿಷಯವನ್ನು ನಾವಿಬ್ಬರೂ ಎಂದೂ ಆಡಿದವರಲ್ಲ. ನಿಮ್ಮಪ್ಪ ಉಳುತ್ತಿದ್ದ ಗದ್ದೆ ಅದು, ಅವರಿಗೆ ಸೇರಿದ್ದು ನ್ಯಾಯ ಎಂದು ಕಾಲೇಜಿನಲ್ಲಿ ಭಾಷಣ ಮಾಡಿದವನೂ ನಾನೇ. ಆದರೂ ಅಜ್ಜ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ ಮಾತು ನನ್ನೊಳಗೆ ಎಲ್ಲೋ ಬೇರು ಬಿಟ್ಟಿತ್ತು. ನಿನ್ನನ್ನು ಗೆಳೆಯನೆಂದು ಕರೆಯುತ್ತಲೇ ನಿನ್ನ ಮೇಲೆ ಅನುಮಾನ ಪಟ್ಟೆ.

ಯಾರೂ ಹೆಂಚು ಕೈಯಾಡಿಸಲಿಲ್ಲ, ಯಾರೂ ಒಲೆ ಹೊತ್ತಿಸಲಿಲ್ಲ. ನಾಲ್ಕೇ ಮಳೆಗಾಲಕ್ಕೆ ಪಕಾಸಿಗೆ ಗೆದ್ದಲು ಹಿಡಿದು ಮಾಡು ಕುಸಿಯಿತು. ಅದನ್ನು ಫೋನು ಮಾಡಿ ತಿಳಿಸಿದವನೂ ನೀನೇ. ನಿನ್ನ ಹುಲ್ಲು ಒಳಗಿದ್ದಿದ್ದರೆ ಆ ಬಾಳೆಮೊಗ್ಗುಗಳು ಇವತ್ತೂ ಇರುತ್ತಿದ್ದವು.

ಇಷ್ಟು ಹೇಳಿದ ಮೇಲೆ ಕೈ ನಡುಗುತ್ತಿದೆ, ಬೇರೆ ವಿಷಯಕ್ಕೆ ಬರುತ್ತೇನೆ. ಕೋರ್ಟಾಲ್ಡ್ ದಂಪತಿಯ ಬಳಿ ಮಾ-ಜಾಂಗ್ ಎಂಬ ಉಂಗುರಬಾಲದ ಲೆಮೂರ್ ಇತ್ತು. ಮಡಗಾಸ್ಕರ್ ದ್ವೀಪದ, ಮಂಗನ ದೂರದ ನೆಂಟನಂಥ ಪ್ರಾಣಿ. ಅದಕ್ಕೆ ಮಹಡಿಯಲ್ಲಿ ಬೆಚ್ಚಗಿನ ಸ್ವಂತ ಗೂಡು, ಕೆಳಗಿಳಿಯಲು ಬಿದಿರಿನ ಏಣಿ, ಬಂದ ಅತಿಥಿಗಳನ್ನು ಕಚ್ಚುವ ಸ್ವಾತಂತ್ರ್ಯ, ಎಲ್ಲವೂ ಇದ್ದವು. ಗೋಡೆಯ ಮೇಲೆ ಅದರ ಚಿತ್ರ ಕಂಡೊಡನೆ ನಮ್ಮ ಹೆಡ್‌ಮಾಸ್ತರು ನೆನಪಾಗಿ, ಅಷ್ಟು ಜನರ ನಡುವೆ ಒಬ್ಬನೇ ಗಟ್ಟಿಯಾಗಿ ನಕ್ಕೆ. ನೀನಿದ್ದಿದ್ದರೆ ಆ ಹಲಸಿನ ಹಣ್ಣಿನ ಪ್ರಕರಣವನ್ನು ಅಲ್ಲೇ ಅಭಿನಯಿಸಿ ತೋರಿಸುತ್ತಿದ್ದೆ.

ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಹಿಂದಿನ ಎರಡು ಅಂಕಣ ಇನ್ನೂ ಗಟ್ಟಿಯಾಗಿವೆ ಎಂದು ನೀನೇ ಹೇಳಿದ್ದೆ. ಮೊದಲ ಮಳೆಗೆ ಮುಂಚೆ ಹುಲ್ಲು ಒಳಗೆ ಹಾಕಿಕೋ.

ನಿನ್ನ ಗೆಳೆಯ